ನೆಟ್ಟಗೆ ಮಲಗಿದವರ ಕಣ್ಣು

ಆಸ್ಪತ್ರೆಗಳಿಂದ ‘ಕೈಗುಣ’ ಅನ್ನೋ ಮಾತನ್ನ ನಾವು ಗುಡಿಸಿ ಹಾಕಿಬಿಟ್ಟಿದ್ದೆವು. ಮೊದಲೆಲ್ಲ ಕಣ್ಣಿನ ಪೊರೆ ತೆಗೆಸಬೇಕು ಅಂದರೆ ಜನ ಊರೆಲ್ಲ ವಿಚಾರಿಸುತ್ತಿದ್ದರು. ಯಾವ ಡಾಕ್ಟರು ಒಳ್ಳೆಯವರು, ಯಾರ ಕೈಗುಣ ಚೆನ್ನಾಗಿದೆ, ಪಕ್ಕದ ಮನೆಯವರು ಯಾರ ಹತ್ತಿರ ಹೋಗಿ ಕಣ್ಣು ಕೆಡಿಸಿಕೊಂಡು ಬಂದರು ಅಂತ. ಕೈಗುಣ ಇದ್ದವರ ಬಾಗಿಲಲ್ಲಿ ತಿಂಗಳುಗಟ್ಟಲೆ ಕಾಯಬೇಕು. ಕಾಯೋಕೆ ಆಗದ ಬಡವರು ಯಾರೋ ಒಬ್ಬರ ಕೈಗೆ ಕಣ್ಣು ಕೊಟ್ಟು ದೇವರ ಮೇಲೆ ಭಾರ ಹಾಕಬೇಕು. ಸಮದೃಷ್ಟಿ ಅನ್ನೋ ಯಂತ್ರ ಬಂದ ಮೇಲೆ ಆ ಮಾತೇ ಇಲ್ಲ. ಬೀದರಿನಲ್ಲಿ ಮಲಗಿದರೂ ಒಂದೇ, ಚಾಮರಾಜನಗರದಲ್ಲಿ ಮಲಗಿದರೂ ಒಂದೇ. ಅದೇ ಹನಿ, ಅದೇ ಅಳತೆಯ ಕೊಯ್ತ, ಅದೇ ಮಸೂರ, ಮೇಲಿನಿಂದ ಇಳಿದು ಬರೋ ಅದೇ ಉಕ್ಕಿನ ಕೈ.

ಅದು ಕೆಲಸ ಮಾಡೋ ಬಗೆ ಹೇಳಿಬಿಡ್ತೀನಿ, ಕಷ್ಟವೇನಿಲ್ಲ. ಮಂಚದ ಮೇಲೆ ಮಲಗಿದವರ ಮುಖಕ್ಕೆ ನೇರವಾಗಿ ಯಂತ್ರದ ಕೈ ಬಂದು ನಿಲ್ಲುತ್ತೆ. ರಾಗಿ ಕಾಳಿನಷ್ಟು ಜಾಗ ಬಿಡಿಸಿ, ಬಿಳಿ ಕಟ್ಟಿದ ಪೊರೆಯನ್ನ ಸದ್ದಿನ ಅಲೆಯಿಂದ ಕರಗಿಸಿ ಹೀರಿಕೊಂಡು, ಮಡಚಿದ ಮಸೂರವನ್ನ ಒಳಗೆ ಜಾರಿಸುತ್ತೆ. ಸಾಯಂಕಾಲ ಎಲ್ಲ ಆಸ್ಪತ್ರೆಗಳ ಫಲಿತಾಂಶ ಮೈಸೂರಿನ ನಮ್ಮ ನಿಯಂತ್ರಣ ಕೇಂದ್ರಕ್ಕೆ ಬರುತ್ತೆ. ಎಲ್ಲಿ ಚೆನ್ನಾಯಿತು, ಎಲ್ಲಿ ಕೆಟ್ಟಿತು ಅಂತ ಯಂತ್ರ ತಾನೇ ಓದಿಕೊಂಡು, ಮಾರನೇ ದಿನ ಎಲ್ಲ ಕಡೆಯೂ ಒಂದಿಷ್ಟು ಹೆಚ್ಚು ಜಾಣತನದಿಂದ ಕೆಲಸ ಶುರುಮಾಡುತ್ತೆ. ಒಂದು ಊರಿನಲ್ಲಿ ಕಲಿತ ಪಾಠ ನಾಡಿಗೆಲ್ಲ ಪಾಠ.

ನಾನು ಸುಕನ್ಯ. ಮೊದಲು ಆಪರೇಷನ್ ಥಿಯೇಟರಿನಲ್ಲಿ ನರ್ಸ್ ಆಗಿದ್ದವಳು, ಈಗ ಆ ಕೇಂದ್ರದಲ್ಲಿ ಹಗಲು ಪಾಳಿಯ ಮೇಲ್ವಿಚಾರಕಿ. ಯಂತ್ರ ಅಂದರೆ ಹಲ್ಲು ಮಸೆಯೋ ಪೈಕಿ ನಾನಲ್ಲ. ಕೈ ನಡುಗೋ ಡಾಕ್ಟರುಗಳಿಗೆ ಕತ್ತರಿ ಕೊಟ್ಟವಳು ನಾನು. ಒಂದೇ ಕ್ಯಾಂಪಿನಲ್ಲಿ ಸಾಲಾಗಿ ಮಲಗಿದವರ ಕಣ್ಣಿಗೆಲ್ಲ ಕೀವು ತುಂಬಿದ್ದನ್ನ ನೋಡಿ ಅತ್ತವಳೂ ನಾನೇ. ಹಾಗಾಗಿ ನಮ್ಮ ಗೋಡೆಯ ಮೇಲಿನ ದೊಡ್ಡ ಫಲಕ ಅಂದರೆ ನನಗೆ ದೇವರ ಪಟ ಇದ್ದ ಹಾಗೆ. ಚೆನ್ನಾದ ಪ್ರತಿ ಕಣ್ಣಿಗೂ ಒಂದು ಹಸಿರು ಚುಕ್ಕೆ, ಕೆಟ್ಟ ಕಣ್ಣಿಗೆ ಒಂದು ಕೆಂಪು ಚುಕ್ಕೆ. ಕೆಂಪು ಎಲ್ಲಿದೆ ಅಂತ ಹುಡುಕಬೇಕಿತ್ತು. ಅಷ್ಟು ಹಸಿರು.

ಇಂಥ ಹೊತ್ತಿನಲ್ಲಿ ನನ್ನ ದೊಡ್ಡವ್ವ ಫೋನ್ ಮಾಡೋಳು.

“ಸುಕೀ, ನಿನ್ ಮಿಶಿನ್ನು ಇವತ್ತೂ ನನ್ನ ವಾಪಸ್ ಕಳಿಸ್ತು ಕಣವ್ವ.”

ದೊಡ್ಡವ್ವ ಅಂದರೆ ನನ್ನವ್ವನ ಅಕ್ಕ, ಹೊಂಬಾಳಮ್ಮ. ಮಂಡ್ಯದ ನಾಲೆ ಬಯಲಿನ ಕಾಳೇನಕೊಪ್ಪಲಿನವಳು. ಭತ್ತದ ನಾಟಿಗೆ ಹೋಗೋ ಹೆಂಗಸರ ಗುಂಪಿಗೆ ಇವಳೇ ಯಜಮಾನಿ. ಬದುಕಿಡೀ ಕೆಸರಿನಲ್ಲಿ ಬಗ್ಗಿ ನಿಂತು ನಿಂತು ಕೊನೆಗೆ ಬೆನ್ನು ಬಗ್ಗಿದ್ದು ಬಗ್ಗಿದ ಹಾಗೇ ಉಳೀತು. ಬಲಗಣ್ಣಿಗೆ ಎಂದೋ ಒಕ್ಕಣೆ ಕಾಲದಲ್ಲಿ ಭತ್ತದ ಮುಳ್ಳು ಹೊಡೆದು ಆ ಕಣ್ಣು ಹೋಗಿತ್ತು. ಉಳಿದದ್ದು ಎಡಗಣ್ಣು. ಅದರಲ್ಲಿ ಈಗ ಪೊರೆ ಬೆಳೆದು ಬೆಳ್ಳಗೆ ಮಜ್ಜಿಗೆ ಹಾಗಿತ್ತು. ಆ ಒಂದು ಕಣ್ಣೂ ಹೋದರೆ ದೊಡ್ಡವ್ವ ಪೂರ್ತಿ ಕುರುಡಿ. ಬಚ್ಚಲಿಗೆ ಹೋಗೋಕೂ ಇನ್ನೊಬ್ಬರ ಕೈ ಹಿಡಿಯಬೇಕು. ಅದೊಂದನ್ನ ಮಾತ್ರ ಅವಳು ಸಹಿಸಳು. ಸಾಯೋಕೂ ಯಾರ ಕೈಯೂ ಹಿಡಿಯದ ಜಾತಿ ಅವಳದು.

“ಈ ಸಲ ಏನಂತೆ?” ಅಂದೆ.

“ಬೀಪಿ ಜಾಸ್ತಿ ಐತಂತೆ. ಮುಂದಿನ್ ತಾರೀಕು ಕೊಟ್ಟವ್ರೆ.”

“ಉಪ್ಪಿನಕಾಯಿ ಬಿಡು ಅಂದ್ರೆ ಬಿಟ್ಟೀಯ ನೀನು? ನಾಲಿಗೆ ಚಪಲ ನಿಂಗೆ. ಬೀಪಿ ಏರದೆ ಇನ್ನೇನು?”

ಹೋದ ಸಲ ಸಕ್ಕರೆ ಅಂಶ ಚೂರು ಮೇಲಿತ್ತು. ಅದಕ್ಕೆ ಮೊದಲು ಕೆಮ್ಮು. ಅದಕ್ಕೂ ಮೊದಲು ಕಣ್ಣು ಕೆಂಪಗಿದೆ, ಆರಿದ ಮೇಲೆ ಬನ್ನಿ ಅಂದಿತ್ತು. ತಮಾಷೆ ಅಂದರೆ ಒಂದೊಂದು ಕಾರಣವೂ ನಿಜವೇ. ನಾನು ಇಲ್ಲಿಂದಲೇ ತೆಗೆದು ನೋಡ್ತಿದ್ದೆ. ಬೀಪಿ ನಿಜವಾಗಿಯೂ ಹೆಚ್ಚಿತ್ತು. ಸಕ್ಕರೆ ನಿಜವಾಗಿಯೂ ಮೇಲಿತ್ತು. ಯಂತ್ರ ಸುಳ್ಳು ಹೇಳಿರಲಿಲ್ಲ. ಹಾಗಾಗಿ ಪ್ರತಿ ಸಲವೂ ಬೈಸಿಕೊಂಡವಳು ದೊಡ್ಡವ್ವ.

ಅವಳು ಮಾತ್ರ ನಾನು ಬೈದದ್ದನ್ನ ಮನಸ್ಸಿಗೆ ಹಾಕಿಕೊಂಡಿದ್ದಳು ಅಂತ ಆ ಭಾನುವಾರ ಊರಿಗೆ ಹೋದಾಗ ಗೊತ್ತಾಯಿತು. ಬಾಣಂತಿ ಹಾಗೆ ಪಥ್ಯ ಮಾಡುತ್ತಿದ್ದಳು. ಸೊಸೆ ಪವಿತ್ರ ತಟ್ಟೆಗೆ ಮುದ್ದೆ ಇಟ್ಟು ಉಪ್ಪಿಲ್ಲದ ಸೊಪ್ಪಿನ ಸಾರು ಬಿಡೋಳು. “ಉಪ್ಪಿಲ್ಲದ್ ಸಾರು ಉಂಡು ಉಂಡು ನಾಲ್ಗೆ ದನದ್ದಾಗೋಯ್ತು” ಅಂತ ಇವಳು ಗೊಣಗೋಳು. ಅದಲ್ಲ ನಾನು ಹೇಳಬೇಕಾದದ್ದು. ನಾನು ಬೀದಿ ತಿರುಗಿ ಮನೆ ಮುಂದೆ ಬಂದಾಗ ಕಂಡ ನೋಟ ಹೇಳ್ತೀನಿ.

ಜಗಲಿಯ ಮೇಲೆ ದೊಡ್ಡವ್ವ ಅಂಗಾತ ಮಲಗಿದ್ದಳು. ಮಲಗಿದ್ದಳು ಅನ್ನೋದಕ್ಕಿಂತ ಮಲಗಿಸಿದ್ದರು. ತಲೆ ನೆಲಕ್ಕೆ ತಾಗದೆ ಮೇಲೆ ಎದ್ದಿತ್ತು. ಎದೆಯ ಮೇಲೆ ರುಬ್ಬುಗುಂಡು. ಪವಿತ್ರ ಹಣೆಯನ್ನ ಎರಡೂ ಕೈಯಲ್ಲಿ ಹಿಂದಕ್ಕೆ ಒತ್ತುತ್ತಿದ್ದಳು. ಪಕ್ಕದಲ್ಲಿ ಚೌಡಮ್ಮ ಅಂತ ದೊಡ್ಡವ್ವನ ಗುಂಪಿನವಳೇ, ಇವಳಷ್ಟೇ ಬಗ್ಗಿದವಳು, ಕೂತುಕೊಂಡು ನೂರರವರೆಗೆ ಎಣಿಸುತ್ತಿದ್ದಳು. ಕಂಬಕ್ಕೆ ಒರಗಿ ಇನ್ನೂ ಇಬ್ಬರು ಮುದುಕಿಯರು ತಮ್ಮ ಸರದಿಗೆ ಕಾಯುತ್ತಿದ್ದರು.

“ಅಯ್ಯಯ್ಯೋ, ಏನ್ರೇ ಮಾಡ್ತಿದೀರಾ? ಸಾಯಿಸ್ತೀರಾ ಅವಳನ್ನ!” ಅಂತ ಕಿರುಚಿ ಗುಂಡು ಎತ್ತಿ ಕೆಳಗಿಟ್ಟೆ.

ದೊಡ್ಡವ್ವ ಉಸಿರು ಎಳೆದುಕೊಂಡು ಎದ್ದು ಕೂತಳು. “ಅಭ್ಯಾಸ ಕಣ್ ಮಗ. ಅಲ್ಲಿ ಮಂಚದ್ ಮ್ಯಾಲೆ ‘ನೆಟ್ಟಗೆ ಮಲ್ಗಮ್ಮ, ನೆಟ್ಟಗೆ ಮಲ್ಗಮ್ಮ’ ಅಂತಾರೆ. ನಮ್ಗೆ ಬರಾಕಿಲ್ಲ. ಒಸಿ ದಿನ ಒತ್ತಿದ್ರೆ ಬಂದಾತು ಅಂತ.”

“ಅದಕ್ಕೂ ಇದಕ್ಕೂ ಸಂಬಂಧ ಇಲ್ಲ ದೊಡ್ಡವ್ವ. ನಿನ್ನ ವಾಪಸ್ ಕಳಿಸಿದ್ದು ಬೀಪಿಗೆ. ಬೆನ್ನಿಗೆ ಅಂತ ಯಾವ ನಿಯಮವೂ ಇಲ್ಲ. ಅದರ ನಿಯಮ ಎಲ್ಲ ನನಗೆ ಬಾಯಿಪಾಠ.”

ಆಗ ಪವಿತ್ರ ಮೆಲ್ಲಗೆ ಅಂದಳು, “ಅಲ್ಲಾ ಅಕ್ಕ, ನಮ್ಮಪ್ಪಂಗೆ ಬೀಪಿ ಅತ್ತೇಗಿಂತ ಜಾಸ್ತಿ. ಸಕ್ಕರೆ ಅಂತೂ ಕೇಳಲೇಬೇಡಿ. ಹೋದ ದಿನಾನೇ ಮಾಡಿ ಕಳಿಸಿದ್ರಲ್ಲ.”

ಪವಿತ್ರಳ ಅಪ್ಪನನ್ನ ನಾನು ನೋಡಿದ್ದೇನೆ. ಟ್ರ್ಯಾಕ್ಟರ್ ಓಡಿಸೋ ಮನುಷ್ಯ, ಬಿದಿರ ಗಳು ನಿಲ್ಲಿಸಿದ ಹಾಗೆ ನೆಟ್ಟಗಿದ್ದಾನೆ.

“ಸಂಜೆ ಆದ್ರೆ ಈ ಕಣ್ಣು, ತಲೆ, ಎಲ್ಡೂ ಸೇರ್ಕಂಡು ಸಿಡೀತವೆ ಕಣೆ” ಅಂದಳು ದೊಡ್ಡವ್ವ, ಏನೋ ಸಾಮಾನ್ಯ ವಿಷಯ ಹೇಳೋ ಹಾಗೆ. ಪೊರೆ ಅತಿಯಾಗಿ ಹಣ್ಣಾದರೆ ಕಣ್ಣೊಳಗೆ ಊದಿಕೊಳ್ಳುತ್ತೆ. ಒತ್ತಡ ಏರುತ್ತೆ. ಆಮೇಲೆ ಒಂದು ದಿನ ಒಳಗಿನ ನರವೇ ಸತ್ತುಹೋಗುತ್ತೆ. ಸತ್ತ ಮೇಲೆ ಯಾವ ಯಂತ್ರ ಬಂದರೂ ಅಷ್ಟೇ. ಒತ್ತಡ ಇಳಿಸೋ ಹನಿ ಬರೆಸಿ ಕೊಟ್ಟು ಬಂದೆ. ಅದು ತಾತ್ಕಾಲಿಕ ಅಂತ ನನಗೆ ಗೊತ್ತಿತ್ತು. ಬಸ್ಸಿನಲ್ಲಿ ಮೈಸೂರು ಬರೋವರೆಗೂ ಪವಿತ್ರಳ ಅಪ್ಪನ ನೆಟ್ಟಗಿನ ಬೆನ್ನೇ ನನ್ನ ಕಣ್ಣ ಮುಂದಿತ್ತು.

ಸೋಮವಾರ ಕೂತ ಕೂಡಲೇ ಒಂದು ಕೆಲಸ ಮಾಡಿದೆ. ಮಂಚದ ಮೇಲೆ ಮಲಗಿದ ಪ್ರತಿಯೊಬ್ಬರ ಪಕ್ಕದಿಂದ ಯಂತ್ರ ಒಂದು ಚಿತ್ರ ತೆಗೆಯುತ್ತೆ, ತಲೆ ಎಲ್ಲಿದೆ ಅಂತ ತಿಳಿಯೋಕೆ. ಮತ್ತೆ ಮತ್ತೆ ತಾರೀಖು ತೆಗೆದುಕೊಂಡು ಹೋದವರ ಚಿತ್ರ ಮಾತ್ರ ಗೋಡೆಗೆ ಹಾಕು ಅಂದೆ. ಹಸಿರು ಚುಕ್ಕೆಗಳೆಲ್ಲ ಮಾಯವಾಗಿ ಗೋಡೆ ತುಂಬ ಮನುಷ್ಯರು ಬಂದರು.

ಎಲ್ಲರೂ ಬಗ್ಗಿದವರು. ಮಂಚದ ಮೇಲೆ ಬೆನ್ನು ಊರಿದ್ದಾರೆ, ತಲೆ ಗಾಳಿಯಲ್ಲಿದೆ. ನಾಟಿಯವರು, ಬೀದಿ ಗುಡಿಸಿದವರು, ಬೆನ್ನ ಮೇಲೆ ಮೂಟೆ ಹೊತ್ತವರು, ಬೀಡಿ ಸುತ್ತುತ್ತಾ ಕೂತಲ್ಲೇ ಸವೆದವರು. ಮುಕ್ಕಾಲು ಪಾಲು ಹೆಂಗಸರು. ಒಬ್ಬರ ಕೆಳಗೆ ‘ಬೀಪಿ’, ಒಬ್ಬರ ಕೆಳಗೆ ‘ಕೆಮ್ಮು’, ಒಬ್ಬರ ಕೆಳಗೆ ‘ಹಲ್ಲು ಹುಳುಕು, ವಾಸಿಯಾದ ಮೇಲೆ ಬರುವುದು’. ನೆಟ್ಟಗಿರೋ ಬೆನ್ನು ಹುಡುಕಿದೆ. ಸಿಗಲಿಲ್ಲ.

ಕೇಂದ್ರದ ಮುಖ್ಯಸ್ಥರು ಡಾಕ್ಟರ್ ವಾಸುಕಿ. ಯಂತ್ರಕ್ಕೆ ಮೊದಲ ಪಾಠ ಹೇಳಿಕೊಟ್ಟ ಕೈ ಅವರದೇ. ಕೆಟ್ಟವರಲ್ಲ. ಅವರನ್ನ ಕರೆದು ಗೋಡೆ ಮುಂದೆ ನಿಲ್ಲಿಸಿದೆ.

“ಈ ನಿಯಮ ಯಾರು ಬರೆದದ್ದು ಸಾರ್?”

“ಯಾರೂ ಬರೆದಿಲ್ಲ ಸಿಸ್ಟರ್. ಅದಾಗಿ ಅದೇ ಕಲಿತುಕೊಂಡಿದೆ.” ಅವರು ಈಗಲೂ ನನ್ನನ್ನ ಸಿಸ್ಟರ್ ಅಂತಲೇ ಕರೆಯೋದು. “ಬಗ್ಗಿದವರನ್ನ ಅಂಗಾತ ಮಲಗಿಸಿದರೆ ಕತ್ತು ನೋಯುತ್ತೆ, ಉಸಿರು ಕಟ್ಟುತ್ತೆ, ಅಲುಗಾಡ್ತಾರೆ. ಅಲುಗಾಡಿದರೆ ಕಣ್ಣಿಗೆ ಅಪಾಯ. ಕಣ್ಣು ಹೋದರೆ ಕೆಂಪು ಚುಕ್ಕೆ. ಕೆಂಪು ಚುಕ್ಕೆ ತರಬೇಡ ಅಂತ ತಾನೆ ನಾವು ಹೇಳಿದ್ದು? ವಯಸ್ಸಾದವರಿಗೆ ಏನಾದರೂ ಒಂದು ಕಾಯಿಲೆ ಇದ್ದೇ ಇರುತ್ತೆ. ನೆಟ್ಟಗಿದ್ದವರಲ್ಲಿ ಅದನ್ನ ನೋಡಿಯೂ ಬಿಡುತ್ತೆ. ಬಗ್ಗಿದವರಲ್ಲಿ ಹುಡುಕಿ ತೆಗೆಯುತ್ತೆ.”

“ತಾರೀಖಿಗೆ ಕಾಯ್ತಾ ಕಾಯ್ತಾ ಮನೆಯಲ್ಲೇ ಕಣ್ಣು ಹೋದರೆ? ಅದಕ್ಕೆ ಯಾವ ಬಣ್ಣದ ಚುಕ್ಕೆ ಸಾರ್?”

“ಚುಕ್ಕೆಯೇ ಇಲ್ಲ.”

ನನಗೆ ಸಿಟ್ಟು ನೆತ್ತಿಗೇರಿತು. “ಹಾಗಾದ್ರೆ ಯಂತ್ರ ಪಕ್ಕಕ್ಕಿಡಿ, ನನ್ನ ದೊಡ್ಡವ್ವನಿಗೆ ಇರೋದು ಒಂದೇ ಕಣ್ಣು, ನೀವೇ ಕೈಯಲ್ಲಿ ಮಾಡಿ. ಎಷ್ಟು ಮಾಡಿಲ್ಲ ನೀವು, ನಾನೇ ಕತ್ತರಿ ಕೊಟ್ಟಿಲ್ವ?”

ಅವರು ತಮ್ಮ ಎರಡೂ ಕೈಗಳನ್ನ ಎತ್ತಿ ನೋಡಿಕೊಂಡರು. “ಎಂಟು ವರ್ಷದಿಂದ ಈ ಕೈ ಪೆನ್ನು ಬಿಟ್ಟು ಏನೂ ಹಿಡಿದಿಲ್ಲ ಸಿಸ್ಟರ್. ಒಂದೇ ಕಣ್ಣಿರೋ ಅಮ್ಮನ ಮೇಲೆ ನಾನು ಮತ್ತೆ ಅಭ್ಯಾಸ ಮಾಡಲಾರೆ. ನನ್ನ ನಂತರದವರಿಗಂತೂ ಬರೋದೇ ಇಲ್ಲ.” ಆ ಮಾತು ಹೇಳುವಾಗ ಅವರ ಮುಖ ನೋಡೋಕಾಗಲಿಲ್ಲ. ಕೈಗುಣವನ್ನ ಗುಡಿಸಿ ಹಾಕುವಾಗ ನಾವು ಕೈಯನ್ನೂ ಗುಡಿಸಿ ಹಾಕಿದ್ದೆವು.

“ಸರಿ ಸಾರ್, ಕೈ ಬೇಡ. ಲೆಕ್ಕ ಬದಲಾಯಿಸಿ. ಕಾಯ್ತಾ ಕಣ್ಣು ಕಳಕೊಂಡವರನ್ನೂ ಅದರ ಲೆಕ್ಕಕ್ಕೇ ಹಾಕಿ. ಮಂಚದ ಮೇಲೆ ಹೋದರೂ ಕೆಂಪು, ಮನೆಯಲ್ಲಿ ಹೋದರೂ ಕೆಂಪು. ತಾರೀಖು ಕೊಟ್ಟು ತಪ್ಪಿಸಿಕೊಳ್ಳೋ ದಾರಿ ಮುಚ್ಚಿಬಿಡಿ. ಆಮೇಲೆ ಅದೇನು ಕಲಿಯುತ್ತೋ ನೋಡೋಣ.”

“ಫಲಕದ ಅಂಕಿ ಪಾತಾಳಕ್ಕೆ ಹೋಗುತ್ತೆ. ಬೆಂಗಳೂರಿನ ಇಲಾಖೆಯವರು ಸುಮ್ಮನಿರ್ತಾರಾ?”

“ಇಲ್ಲದ ಅಂಕಿ ತಾನೆ ಹೋಗೋದು ಸಾರ್, ಹೋಗ್ಲಿ ಬಿಡಿ.”

ಅವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಗೋಡೆಯ ಮೇಲಿದ್ದ ಒಬ್ಬ ಮುದುಕಿಯನ್ನ ನೋಡುತ್ತಾ ನಿಂತರು. ಆಮೇಲೆ ಕೂತು, ತಮ್ಮ ಬೆರಳಚ್ಚು ಒತ್ತಿ, ನಾನು ಹೇಳಿದ ಹಾಗೇ ಮಾಡಿದರು. ಆ ಮನುಷ್ಯನ ಮೇಲೆ ನನಗಿದ್ದ ಸಿಟ್ಟೆಲ್ಲ ಆಗ ಇಳಿದುಹೋಯಿತು.

ಮಾರನೇ ದಿನದಿಂದ ಆಶಾ ಕಾರ್ಯಕರ್ತೆಯರು ತಾರೀಖಿನವರ ಮನೆಮನೆಗೆ ಹೋಗಿ ಕಣ್ಣು ನೋಡಿ ವರದಿ ಕಳಿಸಿದರು. ಫಲಕದ ಮೇಲೆ ಕೆಂಪು ಬೀಳೋಕೆ ಶುರುವಾಯಿತು. ಒಂದಾದ ಮೇಲೆ ಒಂದು ಅಲ್ಲ, ಹಿಡಿ ಹಿಡಿಯಾಗಿ. ನಮ್ಮ ಹುಡುಗಿಯರು ಕೆಲಸ ನಿಲ್ಲಿಸಿ ನೋಡುತ್ತಾ ನಿಂತರು. ಒಂದೊಂದು ಚುಕ್ಕೆಯೂ ಯಾರದೋ ಮನೆಯ ದೊಡ್ಡವ್ವ ಅನ್ನಿಸಿ ನನಗೆ ಅಳು ತಡೆಯಲಿಲ್ಲ. ಬೆಂಗಳೂರಿನಿಂದ ಫೋನು ಬಂತು, ಮತ್ತೆ ಬಂತು. ಡಾಕ್ಟರ್ ವಾಸುಕಿ ಎಲ್ಲದಕ್ಕೂ “ಯಂತ್ರ ಕೆಟ್ಟಿಲ್ಲ ಸಾರ್, ಈಗ ಸರಿಯಾಗಿದೆ” ಅಂತ ಒಂದೇ ಮಾತು ಹೇಳಿದರು.

ಯಂತ್ರವೋ, ಪೆಟ್ಟು ತಿಂದ ವಿದ್ಯಾರ್ಥಿ ಹಾಗೆ ತಡಬಡಿಸಿ ಎದ್ದಿತು. ಬೀಪಿ, ಕೆಮ್ಮು, ಹುಳುಕು ಹಲ್ಲು ಎಲ್ಲ ಒಮ್ಮೆಗೇ ಮರೆತೇಹೋದವು. ಎರಡೇ ದಿನಕ್ಕೆ ತನ್ನ ಹೊಸ ಯೋಚನೆ ಮುಂದಿಟ್ಟಿತು. ಮನುಷ್ಯನನ್ನ ಮಂಚಕ್ಕೆ ಒಗ್ಗಿಸೋದು ಬೇಡ, ಮಂಚವನ್ನ ಓರೆ ಮಾಡುವುದು. ಬೆನ್ನಿನ ಬಾಗಿಗೆ ದಿಂಬು ತುಂಬಿ, ಕಾಲು ಮೇಲೆ ತಲೆ ಕೆಳಗೆ ಬರೋ ಹಾಗೆ ಮಂಚ ಎತ್ತುತ್ತಾ ಹೋದರೆ, ಒಂದು ಹಂತದಲ್ಲಿ ಮುಖ ಸೂರಿಗೆ ನೇರವಾಗಿ ಮಟ್ಟವಾಗುತ್ತೆ. ಬೆನ್ನು ಬಗ್ಗಿದ್ದು ಬಗ್ಗಿದ ಹಾಗೇ ಇರಲಿ.

ಜೊತೆಗೆ ಒಂದು ಮಾತೂ ಹೇಳಿತು. ಹೀಗೆ ಯಾರಿಗೂ ಮಾಡಿಲ್ಲವಾದ್ದರಿಂದ ಮೊದಮೊದಲು ಹತ್ತರಲ್ಲಿ ಒಂದು ಕಣ್ಣು ಕೆಡಬಹುದು. ಮಾಡುತ್ತಾ ಮಾಡುತ್ತಾ ಕಲಿತು ಅಪಾಯ ಇಳಿಯುತ್ತೆ. ಯಾರ ಕಣ್ಣು ಮೊದಲು ಹೋಗೋ ಹಾಗಿದೆಯೋ ಅವರು ಮೊದಲು. ಆ ಸಾಲಿನ ಮೊದಲಲ್ಲೇ ನಿಂತಿದ್ದ ಹೆಸರು ಹೊಂಬಾಳಮ್ಮ. ಎರಡನೇ ಹೆಸರು ಚೌಡಮ್ಮ.

ಊರಿಗೆ ಹೋದೆ. ಫೋನಿನಲ್ಲಿ ಹೇಳೋ ವಿಷಯ ಅಲ್ಲ ಇದು. ದೊಡ್ಡವ್ವನ ಪಕ್ಕ ಕೂತು ಒಂದೂ ಮುಚ್ಚಿಡದೆ ಹೇಳಿದೆ.

ಅವಳು ಕೇಳಿಸಿಕೊಂಡು, ಯೋಚನೆ ಮಾಡಿ, “ಮೊದ್ಲು ಚೌಡಿಗೆ ಮಾಡ್ಲಿ” ಅಂದಳು.

“ದೊಡ್ಡವ್ವಾ!”

“ಏನ್ ದೊಡ್ಡವ್ವ? ಅವಳ್ಗೆ ಎಲ್ಡು ಕಣ್ಣವೆ. ಒಂದೋದ್ರೆ ಇನ್ನೊಂದಿರ್ತದೆ. ನಂದ್ ಒಂದೇ. ಅವಳ ಮ್ಯಾಲೆ ಕಲ್ತ್ಕಂಡು ಬಂದು ನಂಗ್ ಮಾಡ್ಲಿ. ತಪ್ಪಾ ನಾನೇಳೋದು?”

ನಿಜ ಹೇಳಬೇಕಂದರೆ ದಾರಿಯುದ್ದಕ್ಕೂ ನಾನೂ ಅದನ್ನೇ ಯೋಚಿಸಿಕೊಂಡು ಬಂದಿದ್ದೆ. ಇನ್ನೊಬ್ಬರ ಅವ್ವನ ಕಣ್ಣಿನಲ್ಲಿ ಕಲಿತು ಬರಲಿ, ನನ್ನ ದೊಡ್ಡವ್ವ ಹನ್ನೊಂದನೆಯವಳಾಗಲಿ ಅಂತ.

“ನೀನು ಹೇಳೋದು ಸರಿಯೇ. ಆದರೆ ಚೌಡಮ್ಮನ ಕಣ್ಣು ಇನ್ನೂ ಕೆಲವು ದಿನ ಕಾಯುತ್ತೆ. ನಿಂದು ಅಷ್ಟೂ ಕಾಯಲ್ಲ. ಹನಿ ಹಾಕಿದರೂ ಸಂಜೆ ಸಿಡೀತಿದೆ ಅಂತೀಯಲ್ಲ, ಅದು ಒಳಗಿನ ನರ ತಿಂತಾ ಇದೆ. ಅವಳಿಗೆ ಮಾಡಿ, ಕಾದು ನೋಡಿ, ಆಮೇಲೆ ನಿನಗೆ ಅಂದ್ರೆ ಅಷ್ಟರಲ್ಲಿ ಮಾಡೋಕೆ ಏನೂ ಉಳಿದಿರಲ್ಲ.”

“ಮಾಡಿಸ್ಕಂಡ್ರೆ ಓದ್ರೂ ಓಯ್ತದೆ, ಮಾಡಿಸ್ಕಳದಿದ್ರೆ ಗ್ಯಾರಂಟಿ ಓಯ್ತದೆ. ಅಷ್ಟೇ ತಾನೆ?”

“ಅಷ್ಟೇ.”

“ನೀನಾಗಿದ್ರೆ ಏನ್ ಮಾಡ್ತಿದ್ದೆ?”

“ತುಂಬಾ ಭಯ ಆಗ್ತಿತ್ತು. ಆದ್ರೂ ಹೋಗ್ತಿದ್ದೆ.”

“ನಂಗೂ ಭಯ ಆಯ್ತದೆ ಕಣ್ ಮಗ” ಅಂದಳು. ಅವಳ ಬಾಯಲ್ಲಿ ಆ ಮಾತು ನಾನು ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಕೈ ಹಿಡಿದುಕೊಂಡೆ. ಅವಳು ಕೊಡವಿಕೊಳ್ಳಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಪವಿತ್ರಳನ್ನ ಕೂಗಿ, “ಏ, ನಾಳೆಯಿಂದ ಸಾರಿಗೆ ಉಪ್ಪಾಕು. ಸತ್ತರೂ ರುಚಿಯಾಗಿ ಉಂಡು ಸಾಯ್ತೀನಿ” ಅಂದಳು.

ಅವಳಿಗೆ ಮಾಡಿದ್ದು ತಾಲ್ಲೂಕು ಆಸ್ಪತ್ರೆಯಲ್ಲಿ. ನಾನು ಕೇಂದ್ರದಲ್ಲೇ ಪರದೆ ಮುಂದೆ ಇದ್ದೆ. ಅಲ್ಲಿಗೇ ಹೋಗಬಹುದಿತ್ತು, ಆದರೆ ಏನಾದರೂ ಹೆಚ್ಚುಕಡಿಮೆ ಆದರೆ ಯಂತ್ರವನ್ನ ನಿಲ್ಲಿಸೋ ಗುಂಡಿ ಇರೋದು ಇಲ್ಲಿ. ಪಕ್ಕದಲ್ಲಿ ಡಾಕ್ಟರ್ ವಾಸುಕಿ ಕುರ್ಚಿಯ ತುದಿಯಲ್ಲಿ ಕೂತಿದ್ದರು. ಮಂಚ ಓರೆಯಾಗುತ್ತಾ ಹೋಯಿತು. ದೊಡ್ಡವ್ವನ ಕಾಲು ಮೇಲೆದ್ದವು. “ಅಯ್ಯೋ, ಸೀರೆ, ಸೀರೆ!” ಅಂತ ಅವಳು ಕೂಗಿದ್ದು ಇಲ್ಲಿಗೂ ಕೇಳಿಸಿತು. ನರ್ಸು ಕಾಲಿಗೆ ಹೊದಿಕೆ ಸಿಕ್ಕಿಸಿದಳು. ಮುಖ ಮಟ್ಟಕ್ಕೆ ಬಂತು. ತಲೆ ಮೊದಲ ಸಲ ದಿಂಬಿನ ಮೇಲೆ ಆರಾಮಾಗಿ ಕೂತಿತು.

ಕೊಯ್ತ ಚೆನ್ನಾಯಿತು. ಪೊರೆ ಕರಗಿತು. ಹೀರಿಕೊಳ್ಳುತ್ತಿತ್ತು. ನಾನು ಉಸಿರು ಬಿಡಬೇಕು ಅನ್ನುವಷ್ಟರಲ್ಲಿ ದೊಡ್ಡವ್ವ ಕೆಮ್ಮಿದಳು.

ಒಂದೇ ಕೆಮ್ಮು. ಕಣ್ಣು ಮಿಟುಕಿಸೋದರೊಳಗೆ ಯಂತ್ರ ಕೈ ಹಿಂದಕ್ಕೆ ಎಳೆದುಕೊಂಡಿತು, ಆದರೂ ತಡವಾಗಿತ್ತು. ಮಸೂರ ಕೂರಿಸೋಕೆ ಕಣ್ಣೊಳಗೆ ಒಂದು ತೆಳು ಚೀಲ ಇರುತ್ತೆ, ಈರುಳ್ಳಿಯ ಒಳಪೊರೆಗಿಂತ ತೆಳು. ಅದು ಹರಿದಿತ್ತು. ಡಾಕ್ಟರ್ ವಾಸುಕಿ ಎದ್ದು ನಿಂತರು. ನನ್ನ ಬೆರಳು ಗುಂಡಿಯ ಮೇಲಿತ್ತು. “ಬೇಡ, ತಡೀರಿ” ಅಂದರು. ಯಂತ್ರ ಕಾದಿತು. ದೊಡ್ಡವ್ವನ ಉಸಿರು ಹದಕ್ಕೆ ಬರೋವರೆಗೂ ಕಾದು, ಉಳಿದ ಚೂರನ್ನೆಲ್ಲ ಮೆಲ್ಲಗೆ ತೆಗೆದು, ಮಸೂರ ಇಡದೆ ಕಣ್ಣು ಮುಚ್ಚಿತು. ಇಡೋಕೆ ಜಾಗವೇ ಉಳಿದಿರಲಿಲ್ಲ. ಫಲಕದ ಮೇಲೆ ಕೆಂಪು ಚುಕ್ಕೆ ಬಿತ್ತು.

ಕಣ್ಣು ಸತ್ತಿರಲಿಲ್ಲ. ನರ ಉಳಿದಿತ್ತು. ಮಸೂರ ಇಲ್ಲದ ಕಣ್ಣಿಗೆ ಹಳೇ ಕಾಲದವರು ಹಾಕುತ್ತಿದ್ದ ಸೋಡಾ ಗ್ಲಾಸಿನ ದಪ್ಪ ಕನ್ನಡಕ ಕೊಟ್ಟರೆ ಕಾಣುತ್ತೆ. ಆದರೆ ನಮ್ಮ ಮಾನದಂಡದಲ್ಲಿ ಮಸೂರ ಕೂರದಿದ್ದರೆ ಕೆಟ್ಟ ಹಾಗೇ ಲೆಕ್ಕ.

“ಇದನ್ನ ಹಳದಿ ಮಾಡಿಬಿಡೋಣ ಸಿಸ್ಟರ್” ಅಂದರು ಡಾಕ್ಟರ್ ವಾಸುಕಿ. ನನ್ನ ಮುಖ ನೋಡಿ ಪಾಪ ಅನ್ನಿಸಿರಬೇಕು. “ಅಮ್ಮನಿಗೆ ಕಾಣುತ್ತಲ್ಲ. ಪೂರ್ತಿ ಕೆಂಪು ಯಾಕೆ?”

“ಹಳದಿ ಮಾಡಿದರೆ ಅದು ಇಷ್ಟು ಸಾಕು ಅಂದುಕೊಳ್ಳುತ್ತೆ ಸಾರ್. ಕೆಂಪೇ ಇರಲಿ.” ನನ್ನ ದೊಡ್ಡವ್ವನ ಕಣ್ಣು ಕೆಟ್ಟಿತು ಅಂತ ನಾನೇ ಯಂತ್ರಕ್ಕೆ ಖಾತ್ರಿ ಮಾಡಿ ಕೊಟ್ಟೆ.

ಯಂತ್ರ ಕಲಿಯಿತು. ತಲೆ ಕೆಳಗಾದಾಗ ಗಂಟಲಲ್ಲಿದ್ದ ಕಫ ಹಿಂದಕ್ಕೆ ಇಳಿದು ಕೆಮ್ಮು ಬಂದಿತ್ತು. ನೆಟ್ಟಗೆ ಮಲಗಿದವರಿಗೆ ಹಾಗಾಗಲ್ಲ, ಆದ್ದರಿಂದ ಯಂತ್ರಕ್ಕೆ ಗೊತ್ತಿರಲಿಲ್ಲ. ಚೌಡಮ್ಮನನ್ನ ಮಲಗಿಸಿದ ದಿನ ಅದು ಮಂಚವನ್ನ ಒಮ್ಮೆ ಓರೆ ಮಾಡಿ, ಮತ್ತೆ ಎತ್ತಿ ಕೂರಿಸಿ, “ಅಮ್ಮಾ, ಚೆನ್ನಾಗಿ ಒಂದು ಸಲ ಕೆಮ್ಮಿಬಿಡಿ” ಅಂತು. ಚೌಡಮ್ಮ ಓಣಿ ಅದುರೋ ಹಾಗೆ ಕೆಮ್ಮಿದಳು. ಆಮೇಲೆ ಮತ್ತೆ ಮೆಲ್ಲಗೆ ಓರೆ ಮಾಡಿ ಕೆಲಸ ಮುಗಿಸಿತು. ಹಸಿರು.

ತಿಂಗಳಾದ ಮೇಲೆ, ಕನ್ನಡಕ ಬಂತು ಅಂದಾಗ, ದೊಡ್ಡವ್ವನ್ನ ನೋಡೋಕೆ ಹೋದೆ. ದಪ್ಪ ಕನ್ನಡಕದೊಳಗೆ ಅವಳ ಒಂದು ಕಣ್ಣು ನಿಂಬೆಹಣ್ಣಿನಷ್ಟು ದೊಡ್ಡದಾಗಿ ಕಾಣುತ್ತಿತ್ತು. ಹೆಗಲಿಗೆ ಟವೆಲ್ ಹಾಕಿಕೊಂಡು ಯಾರ ಕೈಯೂ ಹಿಡಿಯದೆ ಬಚ್ಚಲಿಂದ ಬಂದಳು. ನನಗೆ ಕುಣಿಯಬೇಕು ಅನ್ನಿಸಿತು. ಅವಳಿಗೆ ಮಾತ್ರ ಉರಿ.

“ಬಂದ್ಯಾ? ನೋಡು, ಎಂಗ್ ಕಾಣ್ತೀನಿ? ಆ ಚೌಡಿ ಕನ್ನಡ್ಕ ಇಲ್ಲ, ಕರ್ಡ್ಕ ಇಲ್ಲ, ಬೀದಿ ತುದೀಲಿರೋ ಕೋಳಿ ಯಾರದು ಅಂತ ಯೋಳ್ತಾಳೆ. ನನ್ ಕಣ್ಣಾಗೆ ಕಲ್ತ್ಕಂಡು ಅವಳ್ ಕಣ್ಣಿಗೆ ಚೆಂದಾಗಿ ಮಾಡ್ತಾ ನಿನ್ ಮಿಶಿನ್ನು? ಇದ್ಯಾವ್ ನ್ಯಾಯ?”

“ನ್ಯಾಯ ಅಲ್ಲ ದೊಡ್ಡವ್ವ.”

“ಅಲ್ಲ ಅಂತ ನೀನೇ ಅಂತೀಯ!”

“ಹೂಂ, ಅಲ್ಲ. ಯಾರೋ ಒಬ್ಬರು ಮೊದಲು ಮಲಗಬೇಕಿತ್ತು. ನೀನು ಮಲಗಿದೆ. ಅದಕ್ಕೆ ಬದಲಿಗೆ ಕೊಡೋ ಅಂಥದ್ದು ನನ್ನ ಹತ್ತಿರ ಏನೂ ಇಲ್ಲ.”

ಅವಳು ಮುಖ ತಿರುಗಿಸಿ ಕೂತಳು. ಒಂದು ವಿಷಯ ಹೇಳೋದೋ ಬೇಡವೋ ಅಂತ ನಾನು ಒದ್ದಾಡುತ್ತಿದ್ದೆ. ನಗ್ತಾಳೋ ಬೈತಾಳೋ ಗೊತ್ತಿರಲಿಲ್ಲ. ಆಪರೇಷನ್ನಿನ ಪ್ರತಿ ಹಂತಕ್ಕೂ ಒಂದು ಹೆಸರಿರುತ್ತೆ, ನರ್ಸುಗಳಿಗೆ ತಿಳಿಯಲಿ ಅಂತ ಯಂತ್ರ ಅದನ್ನ ಜೋರಾಗಿ ಕೂಗುತ್ತೆ. ಮಂಚ ಓರೆ ಮಾಡೋ ಮೊದಲು ಕೆಮ್ಮಿಸೋ ಹಂತ ಹೊಸದು. ಹೆಸರೇನು ಇಡೋಣ ಅಂತ ಡಾಕ್ಟರ್ ವಾಸುಕಿ ಕೇಳಿದಾಗ ನಾನು ಮುಂದೆ ಹಿಂದೆ ನೋಡದೆ ಟೈಪ್ ಮಾಡಿದ್ದೆ. ಅವರೂ ತಿದ್ದಲಿಲ್ಲ.

“ದೊಡ್ಡವ್ವ, ಈಗ ಎಲ್ಲ ಆಸ್ಪತ್ರೇಲೂ ಬಗ್ಗಿದವರನ್ನ ಮಲಗಿಸಿದಾಗ ಯಂತ್ರ ಮೊದಲು ಒಂದು ಮಾತು ಕೂಗುತ್ತೆ. ‘ಹೊಂಬಾಳಮ್ಮನ ಕೆಮ್ಮು’ ಅಂತ.”

ಪವಿತ್ರ ಒಳಗೆ ಕಿಸಕ್ಕಂತ ನಕ್ಕಳು. ದೊಡ್ಡವ್ವ ಆ ದೊಡ್ಡ ಕಣ್ಣನ್ನ ಇನ್ನೂ ದೊಡ್ಡದು ಮಾಡಿದಳು. “ಏನಂದೆ? ಕೆಮ್ಮಾ? ಊರೆಲ್ಲ ನನ್ ಕೆಮ್ಮು ಸಾರಾಕೆ ನೀನ್ಯಾರೇ? ಇಡೋದೇ ಆದ್ರೆ ಒಳ್ಳೇದೇನಾದ್ರೂ ಇಡಬಾರ್ದಾಗಿತ್ತಾ?” ಅಂತ ಸೆರಗು ಕೊಡವಿದಳು. ಆದರೂ ಬಾಯಿಯ ಕೊನೆ ಸಡಿಲಾಗಿತ್ತು. “ಬೀದರ್ ಅಂತೀಯಲ್ಲ, ಅಲ್ಲೂ ಕೂಗ್ತದಾ?”

“ಬೀದರಲ್ಲೂ ಕೂಗುತ್ತೆ.”

“ಅಲ್ಲಿಯೋರ್ಗೆ ನಾನ್ ಯಾರು ಅಂತ ಎಂಗ್ ಗೊತ್ತಾಯ್ತದೆ?”

“ಗೊತ್ತಾಗಲ್ಲ. ಆದರೂ ಕೆಮ್ಮುತ್ತಾರೆ.”

ಅವಳಿಗೆ ನಗು ತಡೆಯಲಿಲ್ಲ. ನಕ್ಕು ನಕ್ಕು ಕನ್ನಡಕ ತೆಗೆದು ಒರೆಸಿಕೊಂಡಳು. “ದಿನಕ್ ಒಂದೆಲ್ಡ್ ಸಲ ಕೂಗ್ತದಾ?”

“ಒಂದೆರಡು ಸಲ ಅಲ್ಲ. ನಿನ್ನೆ ಒಂದೇ ದಿನ ನಾನೂರು ಸಲ ಕೂಗಿದೆ.”

ದೊಡ್ಡವ್ವ ಒರೆಸೋದು ನಿಲ್ಲಿಸಿದಳು. ಕನ್ನಡಕವಿಲ್ಲದ ಕಣ್ಣಿನಿಂದ ನಾನಿದ್ದ ಕಡೆ ನೋಡಿದಳು.

“ನಾನೂರಾ? ನನ್ನಂಗೆ ಬಗ್ಗೋದೋರು ಅಷ್ಟ್ ಜನ ಅವ್ರಾ ಮಗ?”

“ಇನ್ನೂ ಇದ್ದಾರೆ. ನಾಳೆಗೂ ಇದ್ದಾರೆ.”

ಅವಳು ಕನ್ನಡಕವನ್ನ ಮತ್ತೆ ಏರಿಸಿಕೊಂಡಳು. ಆಮೇಲೆ ಕೇಳಿದಳು, “ಇಷ್ಟ್ ದಿನ ಎಲ್ಲಿದ್ರವ್ವ ಅವ್ರೆಲ್ಲ?”

“ಮನೇಲೇ ಇದ್ರು ದೊಡ್ಡವ್ವ” ಅಂದೆ.